ದರ್ಶನಕ್ಕಿಟ್ಟ ಸಿದ್ಧಾಂತ, ಓದಿಗೆ ಸಿಕ್ಕ ಸಿದ್ಧಾಂತ

1939ರಲ್ಲಿ ವಿದರ್ಭದ ಅಮರಾವತಿಯಿಂದ ಒಂದು ದಪ್ಪ ಪುಸ್ತಕ ಹೊರಬಂತು. ದಿಗಂಬರ ಜೈನರು ತಮ್ಮ ಮೂಲ ಆಗಮವೆಂದು ಮನ್ನಿಸುವ ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಮೊದಲ ಸಂಪುಟ ಅದು. ಸಂಪಾದಕರು ಅಲ್ಲಿನ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರಾಧ್ಯಾಪಕ ಹೀರಾಲಾಲ ಜೈನ್. ಗ್ರಂಥದ 93ನೇ ಸೂತ್ರದ ಅಡಿಯಲ್ಲಿ ಚಿಕ್ಕದೊಂದು ಟಿಪ್ಪಣಿ ಇತ್ತು. ಈ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತೆ ಕಾಣುತ್ತದೆ ಎಂಬುದು ಅದರ ಸಾರ. ತಮ್ಮ ಕೈಯಲ್ಲಿದ್ದ ಪ್ರತಿಗಳಲ್ಲಿ ಇಲ್ಲದ ಪದವೊಂದನ್ನು ಸಂಪಾದಕರು ಬರಿಯ ತರ್ಕದಿಂದ ಊಹಿಸಿದ್ದರು. ಊಹೆ ಸರಿಯೋ ತಪ್ಪೋ ಹೇಳಬಲ್ಲ ಓಲೆಗಳು ಇದ್ದದ್ದು ಒಂದೇ ಊರಿನಲ್ಲಿ: ದಕ್ಷಿಣ ಕನ್ನಡದ ಮೂಡುಬಿದಿರೆ.

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಆ ಹೆಸರು ಬಂದದ್ದೇ ಈ ಗ್ರಂಥಗಳಿಂದ. ಧವಲಾ, ಜಯಧವಲಾ ಮತ್ತು ಮಹಾಧವಲ ಎಂದು ಕರೆಯುವ ಮಹಾಬಂಧ, ಈ ಮೂರರ ಹಳೆಯ ತಾಳೆಯೋಲೆ ಪ್ರತಿಗಳು ಉಳಿದು ಬಂದದ್ದು ಇಲ್ಲಿ ಮಾತ್ರ. ಇವು ಮೊದಲು ಶ್ರವಣಬೆಳಗೊಳದಲ್ಲಿದ್ದು, ಕಾಲ ಕೆಟ್ಟಾಗ ಘಟ್ಟ ಇಳಿದು ಬಂದವು ಎಂಬುದು ಪರಂಪರೆಯ ಮಾತು. ರತ್ನದ ಜಿನಬಿಂಬಗಳ ಜತೆಗೆ ಈ ಓಲೆಗಳನ್ನೂ ಯಾತ್ರಿಕರಿಗೆ ತೋರಿಸುವ ಕ್ರಮಕ್ಕೆ ‘ಸಿದ್ಧಾಂತ ದರ್ಶನ’ ಎನ್ನುತ್ತಾರೆ. ಭಕ್ತರು ಕೈಮುಗಿಯುತ್ತಾರೆ, ಕಾಣಿಕೆ ಹಾಕುತ್ತಾರೆ, ಹೊರಡುತ್ತಾರೆ. ಶತಮಾನಗಳ ಕಾಲ ಈ ಶಾಸ್ತ್ರಕ್ಕೂ ಸಮಾಜಕ್ಕೂ ಇದ್ದ ನಂಟು ಹೆಚ್ಚುಕಡಿಮೆ ಇಷ್ಟೇ.

ಶಾಸ್ತ್ರವನ್ನು ಕಾಪಾಡುವುದೆಂದರೆ ಏನು ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಓಲೆ ಹಾಳಾಗದಂತೆ ನೋಡಿಕೊಳ್ಳುವುದೇ, ಅಥವಾ ಓಲೆಯಲ್ಲಿ ಏನಿದೆ ಎಂದು ತಿಳಿದವರು ಇರುವಂತೆ ನೋಡಿಕೊಳ್ಳುವುದೇ? ಧವಲೆಯ ಚರಿತ್ರೆಯನ್ನು ನೋಡಿದರೆ, ಎರಡನೆಯದು ತಪ್ಪಿದಾಗ ಮೊದಲನೆಯದಕ್ಕೂ ಅರ್ಥ ಉಳಿಯುವುದಿಲ್ಲ ಎಂದು ಹೇಳಬೇಕಾಗುತ್ತದೆ. ಈ ಮಾತಿಗೆ ಆಧಾರವನ್ನು ಹೊರಗೆಲ್ಲೋ ಹುಡುಕಬೇಕಿಲ್ಲ, ಜೈನ ಶಾಸ್ತ್ರಗಳೇ ಒದಗಿಸುತ್ತವೆ.

ಷಟ್ಖಂಡಾಗಮ ಹುಟ್ಟಿದ್ದೇ ಮರೆವಿನ ಭಯದಿಂದ. ಮಹಾವೀರರ ಉಪದೇಶ ಗುರುಶಿಷ್ಯರ ಬಾಯಿಂದ ಬಾಯಿಗೆ ಸಾಗಿ, ನಿರ್ವಾಣದ 683 ವರ್ಷಗಳ ಹೊತ್ತಿಗೆ ಅದನ್ನು ಒಳಗೊಂಡ ಅಂಗಗಳೆಂಬ ಆಗಮಗಳ ಪೂರ್ಣ ಜ್ಞಾನವುಳ್ಳವರೇ ಇಲ್ಲವಾದರು ಎಂದು ದಿಗಂಬರ ಪರಂಪರೆ ಹೇಳುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಮುದಿ ಮುನಿ ಧರಸೇನರಿಗೆ ಅದರ ಒಂದು ಭಾಗ ನೆನಪಿತ್ತು. ತಮ್ಮೊಂದಿಗೆ ಅದೂ ಅಳಿದೀತೆಂದು ಅವರು ದಕ್ಷಿಣದ ಮುನಿಸಂಘಕ್ಕೆ ಹೇಳಿಕಳಿಸಿದರು. ಬಂದ ಇಬ್ಬರು ಶಿಷ್ಯರೇ ಪುಷ್ಪದಂತ ಮತ್ತು ಭೂತಬಲಿ. ಕಲಿಕೆ ಮುಗಿದ ಮೇಲೆ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಕಡೆಗೆ ಬಂದು ಮೊದಲ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನೆಂಬ ಶಿಷ್ಯನ ಕೈಯಲ್ಲಿ ದ್ರಮಿಳ ದೇಶದಲ್ಲಿದ್ದ ಭೂತಬಲಿಗಳಿಗೆ ಕಳಿಸಿದರು. ಉಳಿದದ್ದನ್ನು ಭೂತಬಲಿ ಪೂರೈಸಿದರು. ಗ್ರಂಥ ಮುಗಿದ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಒಬ್ಬರಲ್ಲೇ ಉಳಿದ ಅರಿವನ್ನು ಹಂಚಿದ ನೆನಪಿಗೆ ನಡೆಯುವ ಹಬ್ಬ ಅದು.

ಆಮೇಲೆ ಬಂದವರೂ ಹಂಚಿದವರೇ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನರು 816ರಲ್ಲಿ 72,000 ಶ್ಲೋಕಗಳ ಅಳತೆಯ ಧವಲೆಯನ್ನು ಮುಗಿಸಿದರು. ಗುಣಧರರ ಕಸಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ತೊಡಗಿ 20,000 ಶ್ಲೋಕಗಳಷ್ಟು ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು 40,000 ಸೇರಿಸಿ 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಸುಮಾರು 300 ವರ್ಷಗಳ ಬಳಿಕ, 12ನೇ ಶತಮಾನದ ಕನ್ನಡ ನಾಡಿನಲ್ಲಿ ಇವುಗಳ ಪ್ರತಿ ಮಾಡಿಸಿದವರಲ್ಲಿ ಹೆಂಗಸರ ಹೆಸರು ಎದ್ದು ಕಾಣುತ್ತದೆ. ಮಂಡಲಿನಾಡಿನ ಗಂಗ ಮನೆತನದ ದೇಮಿಯಕ್ಕ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆ ಧವಲೆಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಅದಕ್ಕೂ ಮೊದಲು, 10ನೇ ಶತಮಾನದಲ್ಲಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯ ಮೇಲ್ಪಂಕ್ತಿ ಅವರ ಕಣ್ಣ ಮುಂದಿತ್ತು. ಆಹಾರ, ಅಭಯ, ಔಷಧಗಳ ಸಾಲಿನಲ್ಲೇ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಧರ್ಮದಲ್ಲಿ ಪ್ರತಿ ಮಾಡಿಸುವುದು ಪುಣ್ಯದ ಕೆಲಸ.

ಹೀಗೆ ಹರಿದಾಡಿದ ಗ್ರಂಥ ಒಂದೇ ಊರಿನ ಪೆಟ್ಟಿಗೆ ಸೇರಿದ್ದು ಹೇಗೆ?

ವೈರಿಗಳ ದಾಳಿ, ಗೆದ್ದಲು, ತೇವ ಎಂದು ಕಾರಣಗಳನ್ನು ಪಟ್ಟಿ ಮಾಡಬಹುದು. ಆದರೆ ಮುಖ್ಯ ಕಾರಣ ಇನ್ನೂ ಸರಳ: ಓದುವವರು ಕಡಿಮೆಯಾದರು. ಅದಕ್ಕೆ ಒಂದು ಒಳ್ಳೆಯ ಪುಸ್ತಕವೇ ನೆಪವಾಯಿತು. 10ನೇ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನಿಗಾಗಿ ಈ ಸಿದ್ಧಾಂತದ ಸಾರವನ್ನೆಲ್ಲ ಗೊಮ್ಮಟಸಾರದಲ್ಲಿ ಅಡಕಗೊಳಿಸಿದರು. ಸಾರ ಕೈಗೆ ಸಿಕ್ಕಮೇಲೆ 72,000 ಶ್ಲೋಕಗಳ ಗೊಡವೆ ಯಾರಿಗೆ ಬೇಕು? 1359ರಲ್ಲಿ ಕೇಶವಣ್ಣ ಕನ್ನಡದಲ್ಲಿ ಟೀಕೆ ಬರೆದದ್ದು ಗೊಮ್ಮಟಸಾರಕ್ಕೆ. ಆ ಕನ್ನಡ ಟೀಕೆಯನ್ನು ಆಧರಿಸಿ ಸಂಸ್ಕೃತ ಟೀಕೆ ಬಂತು, ಅದನ್ನು ಆಧರಿಸಿ 18ನೇ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಅಲ್ಲಿನ ಆಡುಮಾತಿನಲ್ಲಿ ದೊಡ್ಡ ವ್ಯಾಖ್ಯಾನ ರಚಿಸಿದರು. ಕನ್ನಡದ ಒಂದು ಟೀಕೆ ರಾಜಸ್ಥಾನದವರೆಗೆ ನಡೆದ ಈ ಕತೆ ಹೆಮ್ಮೆಯದೇ. ಆದರೆ ಇಷ್ಟು ದೂರ ನಡೆದದ್ದು ಸಂಗ್ರಹ ಮಾತ್ರ. ಮೂಲ ಬಸದಿಯಲ್ಲಿ ಕುಳಿತೇ ಇತ್ತು, ಅದರ ಹಳೆಯ ಕನ್ನಡ ಲಿಪಿಯನ್ನು ಸರಾಗ ಓದಬಲ್ಲವರೂ ವಿರಳವಾದರು.

ಶ್ವೇತಾಂಬರರ ಹಾದಿ ಬೇರೆ. 5ನೇ ಶತಮಾನದಲ್ಲಿ ಗುಜರಾತಿನ ವಲಭಿಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ಮುಂದಾಳುತನದಲ್ಲಿ ಅವರ ಆಗಮಗಳು ಬರಹಕ್ಕಿಳಿದವು. ಮೂರ್ತಿಪೂಜಕರು 45, ಸ್ಥಾನಕವಾಸಿಗಳು ಮತ್ತು ತೇರಾಪಂಥಿಗಳು 32 ಗ್ರಂಥಗಳನ್ನು ಪ್ರಮಾಣವೆಂದು ಒಪ್ಪುತ್ತಾರೆ. ದಿಗಂಬರರು ಈ ಸಂಕಲನವನ್ನು ಮಾನ್ಯ ಮಾಡುವುದಿಲ್ಲ. ಹರ್ಮನ್ ಯಾಕೋಬಿ ಆಚಾರಾಂಗವನ್ನೂ ಕಲ್ಪಸೂತ್ರವನ್ನೂ 1884ರಲ್ಲೇ ಇಂಗ್ಲಿಷಿಗೆ ತಂದದ್ದರಿಂದ ಜೈನಧರ್ಮದ ಮೇಲಿನ ಹೊರಗಿನ ವಿದ್ವತ್ತು ಬಹುಕಾಲ ಶ್ವೇತಾಂಬರ ಆಗಮಗಳ ಸುತ್ತಲೇ ಬೆಳೆಯಿತು. ದಿಗಂಬರರ ಮಾತು ಆ ಚರ್ಚೆಯಲ್ಲಿ ಕ್ಷೀಣವಾಗಿ ಕೇಳಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಅವರ ಮೂಲಗ್ರಂಥಕ್ಕೆ ಬೀಗ ಬಿದ್ದಿತ್ತು.

ಯಾಕೋಬಿಯ ಅನುವಾದ ಬಂದ ಆಸುಪಾಸಿನಲ್ಲೇ ಮುಂಬಯಿಯ ಮಾಣಿಕಚಂದ ಪಾನಾಚಂದ, ಸೊಲ್ಲಾಪುರದ ಹೀರಾಚಂದ ನೇಮಚಂದ ಮುಂತಾದ ಶ್ರೇಷ್ಠಿಗಳು ಮೂಡುಬಿದಿರೆಗೆ ಯಾತ್ರೆ ಬಂದು ಓಲೆಗಳ ಸ್ಥಿತಿ ಕಂಡು ಕಳವಳಪಟ್ಟರು. ಮಾತುಕತೆ ವರ್ಷಗಟ್ಟಲೆ ನಡೆದು, ಕೊನೆಗೆ ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರೆಯಲು ಕುಳಿತರು. 1896ರ ಸುಮಾರಿಗೆ ಶುರುವಾದ ಕೆಲಸ ಮೂರೂ ಗ್ರಂಥಗಳಿಗೆ ಮುಗಿದದ್ದು 1922ರಲ್ಲಿ. ಆದರೆ ಒಂದು ಕಟ್ಟುಪಾಡಿತ್ತು: ಹೊಸ ಪ್ರತಿಗಳೂ ಮೂಡುಬಿದಿರೆಯನ್ನು ಬಿಟ್ಟು ಹೋಗಕೂಡದು. ಅಂದರೆ ಹಳೆಯ ಓಲೆಯ ಪಕ್ಕದಲ್ಲಿ ಹೊಸ ಕಾಗದವೂ ಬೀಗದೊಳಗೆ ಕೂರಬೇಕಿತ್ತು.

ಕಟ್ಟು ಮುರಿದದ್ದು ಗುಟ್ಟಾಗಿ. ಗಜಪತಿ ಉಪಾಧ್ಯಾಯರು ಬಸದಿಗಾಗಿ ಬರೆಯುತ್ತಲೇ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ ಹೀರಾಚಂದರು ಇದು ನ್ಯಾಯವಲ್ಲವೆಂದು ಕೊಳ್ಳಲು ಒಪ್ಪಲಿಲ್ಲ. ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಕೊಂಡು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಕನ್ನಡ ಬಲ್ಲ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿ ಸೇರಿ ಅದಕ್ಕೊಂದು ನಾಗರಿ ಪ್ರತಿ ತಯಾರಿಸಿದರು. ಸೀತಾರಾಮ ಶಾಸ್ತ್ರಿಗಳು ತಮಗೂ ಒಂದನ್ನು ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿ ಮುಂತಾದ ಊರುಗಳಿಗೆ ನಕಲುಗಳು ಹರಡಿದವು. ವಿದಿಶಾದ ಸೇಠ್ ಲಕ್ಷ್ಮೀಚಂದ್ರ ಸಿತಾಬರಾಯ್ ಅವರ ದಾನದ ಹಣದಿಂದ 1939ರಲ್ಲಿ ಅಚ್ಚಾದದ್ದು ಈ ನಕಲುಗಳ ಪಾಠ.

ಇದನ್ನು ಕಳವು ಎನ್ನಬೇಕೆ? ಕೊಟ್ಟ ಮಾತು ಮುರಿದದ್ದಂತೂ ನಿಜ. ಆದರೆ ಶ್ವೇತಾಂಬರರೂ ದಿಗಂಬರರೂ ಸಮಾನವಾಗಿ ಒಪ್ಪುವ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ತೆರೆದರೆ ಬೇರೊಂದು ತಕ್ಕಡಿ ಸಿಗುತ್ತದೆ. ಅರಿವನ್ನು ಬಚ್ಚಿಡುವುದು, ಅದನ್ನು ಹಂಚಲು ಕರುಬುವುದು, ಕಲಿಯುವವರಿಗೆ ಅಡ್ಡಿ ಮಾಡುವುದು, ಇವೆಲ್ಲ ಜ್ಞಾನಾವರಣೀಯ ಕರ್ಮ ಆತ್ಮಕ್ಕೆ ಅಂಟಲು ಕಾರಣ ಎಂದು ಅಲ್ಲಿ ಹೇಳಿದೆ. ಈ ತಕ್ಕಡಿಯಲ್ಲಿಟ್ಟು ತೂಗಿದರೆ ಬೀಗ ಹಾಕಿದ್ದೂ ದೋಷಮುಕ್ತ ಕೆಲಸವಲ್ಲ.

ಬೀಗ ಹಾಕಿದವರ ಪರವಾಗಿಯೂ ಹೇಳಬೇಕಾದದ್ದಿದೆ. ಅವರನ್ನು ಬರಿಯ ಹಟಮಾರಿಗಳೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಮುದ್ರಣಯಂತ್ರದಲ್ಲಿ ಚರ್ಮ, ಪ್ರಾಣಿಜನ್ಯ ಅಂಟು ಬಳಕೆಯಾಗುತ್ತಿದ್ದ ಕಾಲವದು. ಅಹಿಂಸೆಯನ್ನೇ ಉಸಿರಾಡುವವರಿಗೆ ಜಿನವಾಣಿ ಅಂಥ ಯಂತ್ರದ ಬಾಯಿಗೆ ಬೀಳುವುದು ಸಹಿಸಲಾಗದ ಮಾತು. ಅಚ್ಚಾದ ಹಾಳೆ ನಾಳೆ ಪೊಟ್ಟಣ ಕಟ್ಟಲು ಹೋದೀತೆಂಬ ಅಳುಕೂ ಇತ್ತು. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲ ಎನ್ನುವ ಶ್ರಾವಕಾಚಾರದ ವಚನಗಳನ್ನು ಮುಂದಿಟ್ಟ ಪಂಡಿತರೂ ಇದ್ದರು. ಕರ್ಮಸಿದ್ಧಾಂತದ ಸೂಕ್ಷ್ಮ ಚರ್ಚೆಯನ್ನು ಗುರುವಿಲ್ಲದೆ ಓದಿದರೆ ಅಪಾರ್ಥವಾದೀತೆಂಬುದು ಅವರ ವಾದ. ಇದನ್ನು ಸುಳ್ಳೆನ್ನಲಾಗದು. ಆದರೆ ಅದಕ್ಕೆ ಪರಿಹಾರ ಕಲಿಸುವವರನ್ನು ಹೆಚ್ಚಿಸುವುದು. ಓದುವವರನ್ನೇ ತಡೆದರೆ ಕಲಿಸಬಲ್ಲವರು ಮುಂದಿನ ತಲೆಮಾರಿಗೆ ಎಲ್ಲಿಂದ ಬರಬೇಕು?

ಇನ್ನು 93ನೇ ಸೂತ್ರಕ್ಕೆ ಬರೋಣ. ಜೈನ ಸಿದ್ಧಾಂತದಲ್ಲಿ ಆತ್ಮ ಮಿಥ್ಯಾದೃಷ್ಟಿಯಿಂದ ಮೋಕ್ಷದ ಹೊಸ್ತಿಲವರೆಗೆ ಏರುವ 14 ಗುಣಸ್ಥಾನಗಳಿವೆ. ನಾಲ್ಕನೆಯದರಲ್ಲಿ ಸಮ್ಯಗ್ದರ್ಶನವುಂಟು, ವ್ರತವಿಲ್ಲ. ಐದನೆಯದು ಅಣುವ್ರತಗಳ ಶ್ರಾವಕನದು. ಆರನೆಯದರಿಂದ ಮುಂದೆ ಪೂರ್ಣ ಸಂಯಮದ, ಅಂದರೆ ಮುನಿಯ ನೆಲೆ. ‘ಸಂಜದ’ ಎಂಬ ಪ್ರಾಕೃತ ಪದ ಸೂಚಿಸುವುದು ಈ ಆರನೆಯ ಮತ್ತು ಅದರಾಚೆಯ ನೆಲೆಗಳನ್ನು. 93ನೇ ಸೂತ್ರ ಹೇಳುವುದು ಮನುಷ್ಯ ಸ್ತ್ರೀಯರ ವಿಚಾರ. ಪದ ಇಲ್ಲದಿದ್ದರೆ ಸ್ತ್ರೀಯ ಏರಿಕೆ ಐದಕ್ಕೇ ನಿಲ್ಲುತ್ತದೆ. ಇದ್ದರೆ ಮೋಕ್ಷದ ಬಾಗಿಲವರೆಗೂ ದಾರಿ ತೆರೆಯುತ್ತದೆ. ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲ ಎಂಬುದು ದಿಗಂಬರರ ನಿಲುವು, ಇದೆ ಎಂಬುದು ಶ್ವೇತಾಂಬರರದು. ಎರಡು ಪಂಥಗಳನ್ನು ಬೇರ್ಪಡಿಸುವ ಗೆರೆಯ ಮೇಲೆಯೇ ಈ ಪದ ಕುಳಿತಿತ್ತು.

ಹೀರಾಲಾಲರು ಪದವನ್ನು ಊಹಿಸಿದ್ದು ಧವಲೆಯನ್ನು ಗಮನವಿಟ್ಟು ಓದಿದ್ದರಿಂದ. ಈ ಸೂತ್ರದ ಟೀಕೆಯಲ್ಲಿ ವೀರಸೇನರು ತಾವೇ ಒಂದು ಆಕ್ಷೇಪ ಎತ್ತುತ್ತಾರೆ: ಹಾಗಾದರೆ ಈ ಆರ್ಷವಚನದಿಂದಲೇ ಸ್ತ್ರೀಯರಿಗೆ ನಿರ್ವಾಣ ಸಿದ್ಧವಾಗುವುದಿಲ್ಲವೆ? ಬಳಿಕ ಸಮಾಧಾನವನ್ನೂ ಹೇಳುತ್ತಾರೆ. ವಸ್ತ್ರ ಬಿಡಲಾಗದ್ದರಿಂದ ದೇಹದಿಂದ ಸ್ತ್ರೀಯಾದವರಿಗೆ ಪೂರ್ಣ ಸಂಯಮವಿಲ್ಲ, ಇಲ್ಲಿ ಹೇಳಿದ್ದು ಭಾವದಿಂದ ಸ್ತ್ರೀತ್ವವುಳ್ಳವರ ಮಾತು ಎಂಬುದು ಅವರ ಉತ್ತರ. ಸೂತ್ರದಲ್ಲಿ ‘ಸಂಜದ’ ಇಲ್ಲದೇ ಹೋಗಿದ್ದರೆ ಈ ಆಕ್ಷೇಪ ಹುಟ್ಟುವುದೇ ಸಾಧ್ಯವಿಲ್ಲ. ಟೀಕಾಕಾರರ ಎದುರಿಗಿದ್ದ ಪಾಠದಲ್ಲಿ ಪದ ಇದ್ದಿರಲೇಬೇಕು.

ಮೊದಲ ಸಂಪುಟಗಳು ಅಚ್ಚಾಗಿ ಬಂದದ್ದನ್ನು ಕಂಡ ಮೇಲೆ ಮೂಡುಬಿದಿರೆಯ ಭಟ್ಟಾರಕರೂ ಬಸದಿಯ ಮುಖಂಡರೂ ಮನಸ್ಸು ಬದಲಿಸಿದರು. ಊರಿನ ಪಂಡಿತ ಲೋಕನಾಥ ಶಾಸ್ತ್ರಿ ಮತ್ತಿತರರು ಅಚ್ಚಿನ ಪಾಠವನ್ನು ಓಲೆಯೊಡನೆ ತಾಳೆ ನೋಡಿ ವ್ಯತ್ಯಾಸಗಳನ್ನು ಅಮರಾವತಿಗೆ ಕಳಿಸತೊಡಗಿದರು. ಮೂರನೆಯ ಸಂಪುಟದ ಹೊತ್ತಿಗೆ ಉತ್ತರ ಬಂತು: ತಾಳೆಗರಿಯಲ್ಲಿ ‘ಸಂಜದ’ ಇದೆ. ಓಲೆಯಿಂದ ಕನ್ನಡ ಕಾಗದಕ್ಕೆ, ಅದರಿಂದ ನಾಗರಿಗೆ, ನಾಗರಿಯಿಂದ ಇನ್ನೊಂದು ನಾಗರಿಗೆ ಇಳಿಯುವ ದಾರಿಯಲ್ಲಿ ಪದ ಬಿದ್ದುಹೋಗಿತ್ತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 1940ರ ದಶಕದುದ್ದಕ್ಕೂ ಪಂಡಿತರ ನಡುವೆ ಪತ್ರಿಕೆ, ಪುಸ್ತಿಕೆಗಳಲ್ಲಿ ವಾಗ್ವಾದ ನಡೆಯಿತು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮೂಲದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಈ ಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೊರೆಸುವ ಕೆಲಸ ನಡೆದಾಗ ಆ ಪದವನ್ನು ಕೊರೆಯಬೇಕೋ ಬಿಡಬೇಕೋ ಎಂಬುದೇ ದೊಡ್ಡ ವಿವಾದವಾಯಿತು. ಹೀರಾಲಾಲರು ಮತ್ತೂ ಮುಂದೆ ಹೋಗಿ, ಮೂಲಸೂತ್ರಗಳು ಸ್ತ್ರೀಮುಕ್ತಿಗೆ ವಿರೋಧವಾಗಿಲ್ಲ ಎಂದು ವಾದಿಸಿ ಸ್ವಪಂಥದವರ ಕೋಪಕ್ಕೆ ಗುರಿಯಾದರು.

ಕನ್ನಡ ನಾಡಿನ ಮಟ್ಟಿಗೆ ಇದು ಹೊಸ ಚರ್ಚೆಯೇನೂ ಆಗಿರಲಿಲ್ಲ. ಇಲ್ಲೇ ಬಹುಕಾಲ ಬಾಳಿದ ಯಾಪನೀಯ ಸಂಘದ ಮುನಿಗಳು ದಿಗಂಬರರಂತೆ ನಗ್ನರು, ಆದರೆ ಸ್ತ್ರೀಮುಕ್ತಿಯನ್ನು ಒಪ್ಪಿದವರು. ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನ ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಒಂದು ಪ್ರಕರಣವನ್ನೇ ಬರೆದ. ವೀರಸೇನರ ಶಿಷ್ಯ ಜಿನಸೇನರು ಅದೇ ಅಮೋಘವರ್ಷನಿಗೆ ಗುರುಗಳು. ಒಂದೇ ರಾಜ್ಯದಲ್ಲಿ, ಒಂದೇ ಶತಮಾನದಲ್ಲಿ ಎರಡೂ ಪಕ್ಷಗಳು ಎದುರೆದುರು ನಿಂತು ವಾದಿಸಿದ್ದವು. ಧವಲೆಯ ಆಕ್ಷೇಪ ಮತ್ತು ಸಮಾಧಾನಗಳ ಹಿಂದೆ ಇಂಥ ಜೀವಂತ ವಾದವಿತ್ತು.

ವೀರಸೇನರ ಉತ್ತರವನ್ನು ಇಂದಿನ ಓದುಗರು ಒಪ್ಪಲಿ, ಬಿಡಲಿ. ಅವರ ಪ್ರಾಮಾಣಿಕತೆಯನ್ನಂತೂ ಮೆಚ್ಚಬೇಕು. ತಮ್ಮ ಪಂಥಕ್ಕೆ ತೊಡಕಾಗುವ ಪದವನ್ನು ಅವರು ಅಳಿಸಲಿಲ್ಲ. ಅದನ್ನು ಇದ್ದಂತೆಯೇ ಇಟ್ಟು, ಎದುರಾಳಿಯ ಪ್ರಶ್ನೆಯನ್ನೂ ದಾಖಲಿಸಿ, ಆಮೇಲೆ ತಮ್ಮ ನಿಲುವು ಹೇಳಿದರು. ಆ ಪದವನ್ನು ಓಲೆಯ ಮೇಲೆ ಉಳಿಸಿದ್ದು ದೇಮಿಯಕ್ಕನಂಥವರ ದಾನ, ಮೂಡುಬಿದಿರೆಯವರ ಕಾವಲು. ಅದು ಕಾಣೆಯಾಗಿದೆ ಎಂದು ಕಂಡುಹಿಡಿದದ್ದು ಅಚ್ಚಿನ ಪುಸ್ತಕದ ಓದು. ಕಾವಲು ಇಲ್ಲದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ. ಗುಟ್ಟಿನ ನಕಲು ಹೊರಬೀಳದಿದ್ದರೆ ಸಾಕ್ಷಿಯನ್ನು ಕರೆಯುವ ಸಂದರ್ಭವೇ ಒದಗುತ್ತಿರಲಿಲ್ಲ.

ಓದಿನಿಂದ ಹೊರಬಿದ್ದದ್ದು ಈ ವಿವಾದವೊಂದೇ ಅಲ್ಲ. 1942ರ ನಾಲ್ಕನೇ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಧವಲೆಯ ಗಣಿತವನ್ನು ಕುರಿತು ಲೇಖನ ಬರೆದರು. ಜೀವರಾಶಿಗಳ ಎಣಿಕೆಗೆ ವೀರಸೇನರು ಬಳಸುವ ‘ಅರ್ಧಚ್ಛೇದ’ ಅಂದರೆ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಲೆಕ್ಕ. 32ಕ್ಕೆ ಅದು 5, 8ಕ್ಕೆ 3. ಎರಡನ್ನೂ ಗುಣಿಸಿದಾಗ ಬರುವ 256ಕ್ಕೆ ಅದು 8, ಅಂದರೆ 5 ಮತ್ತು 3ರ ಮೊತ್ತ. ಇಂದಿನ ಮಕ್ಕಳು ಲಾಗರಿದಮ್ ಎಂದು ಕಲಿಯುವುದರ ತತ್ತ್ವ ಇದೇ. ಮೂರರಿಂದ ಭಾಗಿಸುವ ತ್ರಿಕಚ್ಛೇದವೂ, ಅನಂತದಲ್ಲಿ ಬಗೆಬಗೆಯ ಅನಂತಗಳೂ ಅಲ್ಲಿವೆ. ಭಾರತೀಯ ಗಣಿತದ ಚರಿತ್ರೆಗೆ ಸೇರಬೇಕಾದ ಇಷ್ಟೆಲ್ಲ ಸರಕು ದರ್ಶನಕ್ಕೆಂದು ಇಟ್ಟ ಕಟ್ಟಿನೊಳಗಿತ್ತು. ಕೈಮುಗಿದವರಲ್ಲಿ ಯಾರಿಗೂ ಅದು ಗೊತ್ತಾಗುವ ಹಾಗಿರಲಿಲ್ಲ.

ತಡವಾದುದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1947ರಿಂದ ಭಾರತೀಯ ಜ್ಞಾನಪೀಠ ಏಳು ಸಂಪುಟಗಳಲ್ಲಿ ಪ್ರಕಟಿಸಿದ ಮಹಾಬಂಧದ ಪುಟಗಳಲ್ಲಿ ಅಲ್ಲಲ್ಲಿ ಪಾಠ ತುಂಡಾಗಿದೆ. ಓಲೆ ಮುರಿದು, ನಶಿಸಿ ಹೋದ ಜಾಗಗಳವು. ತುಂಬಿಕೊಳ್ಳಲು ಬೇರೆ ಊರಿನ ಹಳೆಯ ಪ್ರತಿ ಇಲ್ಲ. ಮಲ್ಲಿಕಬ್ಬೆಯ ಹಾಗೆ ಇನ್ನೂ ನಾಲ್ವರು ಮುಂದಿನ ಶತಮಾನಗಳಲ್ಲಿ ಪ್ರತಿ ಮಾಡಿಸಿದ್ದರೆ ಆ ಸಾಲುಗಳು ಸಿಗುತ್ತಿದ್ದವೇನೋ.

ಧವಲೆಯ 16 ಸಂಪುಟಗಳು 1950ರ ದಶಕದ ಕೊನೆಯ ಹೊತ್ತಿಗೆ ಮುಗಿದವು. ಈ ಕೆಲಸದಲ್ಲಿ ಹೀರಾಲಾಲರಿಗೆ ಹೆಗಲು ಕೊಟ್ಟವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆ ಪ್ರಮುಖರು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ತಾಡಪತ್ರ ಗ್ರಂಥಗಳ ಸೂಚಿಯನ್ನು 1948ರಲ್ಲಿ ಹೊರತಂದು ಎಲ್ಲಿ ಏನಿದೆ ಎಂಬುದನ್ನು ವಿದ್ವಾಂಸರಿಗೆ ತಿಳಿಸಿದರು. ಹಿಂದಿ ಅನುವಾದದೊಂದಿಗೆ ಬಂದ ಧವಲೆ ಈಚೆಗೆ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯ ಶ್ರಮದಿಂದ ಕನ್ನಡಕ್ಕೂ ಬಂದಿದೆ. ಕನ್ನಡ ಲಿಪಿಯಲ್ಲಿ ಉಳಿದ ಗ್ರಂಥ ಕನ್ನಡ ಮಾತಿಗೆ ಬರಲು ಅಮರಾವತಿಯ ದಾರಿ ಹಿಡಿಯಬೇಕಾಯಿತು.

ಈಗ ಬೀಗದ ನೆವ ಹೇಳುವಂತಿಲ್ಲ. ಗೊಮ್ಮಟಸಾರದ ಕಾಲದಲ್ಲಿ ಆದದ್ದೇ ಮತ್ತೆ ಆಗುವ ಸಾಧ್ಯತೆ ಮಾತ್ರ ಇದ್ದೇ ಇದೆ: ಸಂಪುಟಗಳು ಕಪಾಟಿನಲ್ಲಿ, ಸಾರಾಂಶ ಮೊಬೈಲಿನ ಪ್ರವಚನದಲ್ಲಿ. ಶ್ರುತಪಂಚಮಿಯಂದು ಗ್ರಂಥಗಳನ್ನು ಪಲ್ಲಕ್ಕಿಯಲ್ಲಿಟ್ಟು ಮೆರವಣಿಗೆ ಮಾಡುವ ಬಸದಿಗಳು ಸ್ವಾಧ್ಯಾಯದ ಹೊತ್ತಿನಲ್ಲಿ ಪುಷ್ಪದಂತರು ರಚಿಸಿದ ಸತ್ಪ್ರರೂಪಣೆಯ 177 ಸೂತ್ರಗಳನ್ನು ಕನ್ನಡ ಅನುವಾದದೊಂದಿಗೆ ಸಾಲುಸಾಲಾಗಿ ಓದಿಸಬಹುದು. ಪ್ರಾಕೃತ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡಬಹುದು. ಅಧಿಕಾರದ ಪ್ರಶ್ನೆ ಎತ್ತುವವರು ಆ ಓದಿನ ನಡುವೆಯೇ ಕುಳಿತು ತಮ್ಮ ಆಕ್ಷೇಪ ಹೇಳಲಿ. ಆಕ್ಷೇಪಕ್ಕೆ ಜಾಗ ಬಿಟ್ಟು ಬರೆಯುವ ಕ್ರಮವನ್ನು ವೀರಸೇನರು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಹಾಕಿಕೊಟ್ಟಿದ್ದಾರೆ.